ಮಡಿ ಯಾರ ಕೈಯಿಂದ ಬಂತು?

ಒಂದೂರಲ್ಲೊಬ್ಬ ಸಿರಿವಂತ. ಹೆಸರು ಕೇಳಬೇಡಿ, ನಿಮ್ಮೂರಲ್ಲೂ ಇದ್ದಾನೆ. ಅವನ ಮಗಳ ಮದುವೆ. ಬೀದಿಯಿಂದ ಹಸೆಮಣೆಯವರೆಗೆ ವರ ಬರಿನೆಲ ತುಳಿಯಬಾರದು. ಮಡಿವಾಳಗಿತ್ತಿ ಒಗೆದ ಸೀರೆಗಳನ್ನು ಅವನ ಕಾಲಡಿ ಹಾಸಬೇಕು. ಹಿಂದಿನದನ್ನು ಸೆಳೆದು ಮುಂದೆ ಹಾಸಬೇಕು. ಅದಕ್ಕೆ ನಡೆಮಡಿ ಅಂತಾರೆ.

ಸುಡುಬಿಸಿಲು. ಮಡಿವಾಳಗಿತ್ತಿಯ ಜೊತೆ ಬಗ್ಗಿ ಬಗ್ಗಿ ಸೀರೆ ಹಾಸುತ್ತಿದ್ದವಳು ಅವಳ ಬಸುರಿ ಸೊಸೆ. ಚಪ್ಪರದ ಬಾಗಿಲಲ್ಲಿ ಹುಡುಗಿ ಕುಸಿದೇಬಿಟ್ಟಳು. ಅತ್ತೆಯ ಜೀವ ಬಾಯಿಗೆ ಬಂತು. ಹೋದ ವರ್ಷ ಒಂದು ಬಸಿರು ಇಳಿದುಹೋಗಿತ್ತು. ಇದೂ ಹೋದರೆ?

ಪಕ್ಕದಲ್ಲೇ ಹಂಡೆ ತುಂಬ ನೀರು. ಕೈ ಚಾಚಿದಳು.

"ಏಯ್, ಮುಟ್ಟೀಯ! ಮಡಿನೀರು ಅದು!" ಸಿರಿವಂತ ಗದರಿದ.

"ಹಂಗಾದ್ರೆ ನೀವೇ ಹೊಯ್ಯಿ ಬುದ್ಧಿ."

"ನಾನೂ ಮಡೀಲಿದ್ದೀನಿ ಕಣೇ. ನೀನು ಹಾಸು ಮೊದ್ಲು, ಮುಹೂರ್ತ ಮೀರುತ್ತೆ."

ಬೀಗರಲ್ಲೊಬ್ಬ ನಕ್ಕ. "ಇನಾಮು ಸಾಲದೇನೋ, ನಾಟಕ ನೋಡಿ!"

ಮಡಿವಾಳಗಿತ್ತಿ ಅವನತ್ತ ತಿರುಗಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ವರನ ಮುಂದೆ ಹಾಸಲೂ ಇಲ್ಲ. ಮಡಚಿ ಸೊಸೆಯ ತಲೆಯಡಿಗೆ ಇಟ್ಟಳು. ವರ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ವಾಲಗ ನಿಂತಿತು.

"ಹಾಸೇ!" ಸಿರಿವಂತ ಅರಚಿದ.

"ನೀರು, ಬುದ್ಧಿ."

"ಊರು ಬಿಡಿಸ್ತೀನಿ!"

"ಬಿಡ್ಸಿ. ಮೊದ್ಲು ನೀರು."

ಹುಡುಗಿಯ ತುಟಿ ಬೆಳ್ಳಗಾಗುತ್ತಿತ್ತು. ಪುರೋಹಿತರು "ಗಳಿಗೆ ಜಾರುತ್ತಿದೆ" ಅಂದರು. ನೋಡಿ, ಅಷ್ಟು ಜನರಲ್ಲಿ ಒಬ್ಬನಾದರೂ 'ಬರಿನೆಲದ ಮೇಲೆ ನಡೀರಪ್ಪ' ಅಂದನೇ? ಇಲ್ಲ. ಒಬ್ಬನಾದರೂ ತಂಬಿಗೆ ಎತ್ತಿದನೇ? ಅದೂ ಇಲ್ಲ!

ಕೊನೆಗೆ ಸಿರಿವಂತನೇ ಹಲ್ಲು ಕಚ್ಚಿ ಹಂಡೆಗೆ ತಂಬಿಗೆ ಅದ್ದಿದ. ನೀರು ಗಂಟಲಿಗಿಳಿದ ಮೇಲೆ ಹುಡುಗಿ ಕಣ್ಣುಬಿಟ್ಟಳು. ಬಸಿರು ಉಳಿಯಿತು. ಕರುಣೆಯಿಂದ ಕೊಟ್ಟನೇ? ಥೂ! ಮುಹೂರ್ತದ ಭಯಕ್ಕೆ ಕೊಟ್ಟ.

ಈಗ ಹೇಳಿ, ಮಡಿ ಅಂದರೇನು? ದೇವರು ಇಳಿಸಿದ ಪದವೇ? ಅಲ್ಲ ಸ್ವಾಮಿ. ಮಡಿ ಅಂದರೆ ಒಗೆದ ಬಟ್ಟೆ. ಅಷ್ಟೇ. ಹಳ್ಳದಲ್ಲಿ ನಿಂತು, ನಮ್ಮ ಬೆವರು, ನಮ್ಮ ಹೇಲು ಉಚ್ಚೆ, ನಮ್ಮ ಹೆರಿಗೆಯ ರಕ್ತ ತೊಳೆದವರು ಕೊಟ್ಟ ಪದ ಅದು. ಕೊಟ್ಟವರನ್ನೇ ಹೊರಗೆ ನಿಲ್ಲಿಸಿ, ಅವರ ಪದವನ್ನು ಒಳಗೆ ತಂದು ಬಾಗಿಲು ಹಾಕಿಕೊಂಡೆವು. ಪದ ಕದ್ದವನು ಕಳ್ಳನಲ್ಲವೇ?

ಸಿರಿವಂತನನ್ನು ಬೈದು ಹಗುರಾಗಿ ಮನೆಗೆ ಹೋಗಬೇಡಿ. ನಿಮ್ಮ ಬಟ್ಟೆ ಒಗೆಯುವಾಕೆಗೆ ಅಂತ ಹಿತ್ತಲ ಕಿಟಕಿಯಲ್ಲಿ ಬೇರೆ ಲೋಟ ಇಟ್ಟಿದ್ದೀರಲ್ಲ? ತಲೆ ತಗ್ಗಿಸಬೇಡಿ, ಇಟ್ಟಿದ್ದೀರಿ. ನಾಳೆ ಬೆಳಿಗ್ಗೆ ಅದನ್ನು ತೆಗೆದುಹಾಕಿ. ನೀವು ಕುಡಿಯುವ ಲೋಟದಲ್ಲಿ ಆಕೆಗೆ ನೀರು ಕೊಡಿ. ಆಕೆ ಕುಡಿದಿಟ್ಟ ಲೋಟದಲ್ಲೇ ನೀವೂ ಕುಡಿಯಿರಿ. ಅದಾಗದಿದ್ದರೆ ನಾಳೆ ಸಂಜೆ ಕಥೆ ಕೇಳಲು ಇಲ್ಲಿಗೆ ಬರಬೇಡಿ.