ಬಾಡಿಗೆಗೆ ಜಗಳ

ನೀವು ಮಾಡಿದ್ದು ತಪ್ಪು, ಮೇಡಂ. ಮಡಿಸೋ ಟೇಬಲ್ ಹತ್ತಿರ ಇದ್ದ ಸ್ಟೂಲುಗಳನ್ನೆಲ್ಲ ಎತ್ತಿಸಿ ಗೋದಾಮಿಗೆ ಹಾಕಿ ಬೀಗ ಜಡಿಸಿದ್ರಿ. ತಪ್ಪು. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮಾತಿನ ಭರದಲ್ಲಿ ಮರೆತುಹೋಗಬಾರದು ನೋಡಿ... ಅಯ್ಯೋ, ಫೋನ್ ಯಾಕೆ ಎತ್ಕೊಳ್ತೀರಿ? ಸೂಪರ್‌ವೈಸರ್‌ನ ಕರೀಬೇಡಿ. ಪಾಪ, ಆತ ಬಾಗಿಲಿಗೆ ಕಿವಿ ಅಂಟಿಸ್ಕೊಂಡೇ ನಿಂತಿದಾನೆ. ಕರೆದ್ರೆ ಬಾಗಿಲ ಸಮೇತ ಒಳಗೆ ಬೀಳ್ತಾನೆ.

ಹಾಂ. ಇಡಿ ಫೋನು.

ನಾನು ಯಾರು ಅಂತ ನಿಮಗೆ ಗೊತ್ತು. ನಿಮ್ಮ ಈ ಲಾಂಡ್ರಿಯಲ್ಲಿ ಹೋಟೆಲುಗಳ ಬೆಡ್‌ಶೀಟ್ ಮಡಿಸೋಳು. ಆದ್ರೆ ಈಗ ಹಾಗಂತ ಬಂದಿಲ್ಲ. ಏಪ್ರನ್ ಬಿಚ್ಚಿ ಹೊರಗೆ ಮೊಳೆಗೆ ನೇತುಹಾಕಿ ಬಂದಿದೀನಿ. ಊಟದ ಬಿಡುವು, ಇದು ನನ್ನ ಸ್ವಂತ ಹೊತ್ತು. ಈಗ ನಾನು ನನ್ನ ಉಪಕಸುಬಿನ ಮೇಲೆ ಇದೀನಿ. ಒಬ್ಬ ಗಿರಾಕಿ ಕಳಿಸಿದಾಳೆ, ನಿಮ್ಮ ಜೊತೆ ಜಗಳ ಆಡೋಕೆ.

ಯಾಕೆ ನಗ್ತೀರಿ? ನೀವೇ ಹೇಳಿಕೊಟ್ಟ ವಿದ್ಯೆ ಇದು!

ಮರೆತುಬಿಟ್ರಾ? ಸಂಬಳ ಸಾಲಲ್ಲ ಅಂತ ನಾವೆಲ್ಲ ಸೇರಿ ಕೇಳಿದ್ವಿ. ನೀವು ಸಂಬಳದ ಬದಲು ಭಾಷಣ ಕೊಟ್ರಿ. ಕ್ಯಾಂಟೀನಿನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದ್ರಲ್ಲ... ಆ ಪರದೆ ನಾವು ಮಡಿಸಿದ ಬೆಡ್‌ಶೀಟೇ, ಮೂಲೆಯಲ್ಲಿ ಕಾಫಿ ಕಲೆ ಇತ್ತು, ನಿಮ್ಮ ಚಿತ್ರದ ಹೆಂಗಸಿನ ಮೂಗಿನ ಮೇಲೇ ಸರಿಯಾಗಿ ಬಂದು ಕೂತಿತ್ತು. ಆ ಹೆಂಗಸು ಮೇಣದ ಬತ್ತಿ ಮಾಡ್ತಾ ನಗ್ತಿದ್ಲು. ನೀವು ಹೇಳಿದ್ರಿ: "ನಿಮ್ಮ ನಿಮ್ಮ ಜೀವನಶೈಲಿಗೆ ಹೊಂದೋ ಒಂದು ಉಪಕಸುಬು ಆರಿಸಿಕೊಳ್ಳಿ."

ಜೀವನಶೈಲಿ! ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಇಸ್ತ್ರಿ ರೋಲರ್ ಮೆಷಿನ್ನಿನ ಅಕ್ಕ ನನ್ನ ಕಿವಿಯಲ್ಲಿ ಕೇಳಿದ್ಲು, "ಅದು ನಮ್ಮ ಮನೆಯಲ್ಲಿ ಇದೆಯೇನೇ?" ನಾನಂದೆ, "ಮಂಚದ ಕೆಳಗೆ ನೋಡು, ಇದ್ರೂ ಇರಬಹುದು."

ನಿಮ್ಮ ಮಾತು ನಂಬಿ ಆ ಅಕ್ಕ ಮೇಣದ ಬತ್ತಿ ಮಾಡೋಕೆ ಹೋದ್ಲು. ಒಂದೇ ಒಲೆ, ಒಂದೇ ಪಾತ್ರೆ. ಆಮೇಲೆ ವಾರವಿಡೀ ಅವಳ ಗಂಡ ಮೇಣ ಮೆತ್ತಿದ ಅನ್ನ ಉಂಡು, "ಒಳಗೆ ಬತ್ತಿ ಹಚ್ಚು, ಉರಿಯುತ್ತೆ" ಅಂತಿದ್ದನಂತೆ. ಇನ್ನೊಬ್ಬಳು, ನಮ್ಮ ಗುಂಡಿ ಚಿಕ್ಕಮ್ಮ, ಕಿತ್ತುಹೋದ ಗುಂಡಿ ಹೊಲಿಯೋಳು... ಸಾಹುಕಾರರ ನಾಯಿ ವಾಕಿಂಗ್ ಮಾಡಿಸೋ ಕೆಲಸ ಹಿಡಿದ್ಲು. ನಾಯಿ ಇವಳನ್ನ ವಾಕಿಂಗ್ ಮಾಡಿಸ್ತು! ಯಾವುದೋ ಬೀದಿಯಲ್ಲಿ ಬಿಟ್ಟು ಅದು ಮಾತ್ರ ಮನೆಗೆ ಬಂತು.

ನಗಿ, ನಗಿ. ಇದಕ್ಕೆ ನಾನೂ ನಗ್ತೀನಿ.

ಆಗ ನಾನು ಯೋಚನೆ ಮಾಡಿದೆ. ನನಗೆ ಏನು ಹೊಂದುತ್ತೆ? ಕೈಗೆ ಪುರುಸೊತ್ತಿಲ್ಲ, ಕಾಲಿಗೆ... ಕಾಲಿನ ಮಾತು ಬಿಡಿ. ಪುರುಸೊತ್ತು ಇರೋದು ಬಾಯಿಗೆ ಒಂದಕ್ಕೇ. ನಮ್ಮಮ್ಮ ಅಂತಿದ್ಲು, ಇವಳನ್ನ ಹೆತ್ತಾಗ ಸೂಲಗಿತ್ತಿ ಮೊದಲು ಬಾಯಿ ನೋಡಿದ್ಲು, ಆಮೇಲೆ ಮಗು ನೋಡಿದ್ಲು ಅಂತ.

ಮೊದಲ ಗಿರಾಕಿ ನಮ್ಮ ಅತ್ತಿಗೆ. ಬಾಯಿಸತ್ತವಳು. ದರ್ಜಿ ಅವಳ ಅಂಗಿಗೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಹೊಲಿದಿದ್ದ. ಕೇಳಿದ್ರೆ, "ನಿಮ್ಮ ಕೈಯೇ ಹಾಗಿದೆ" ಅಂದನಂತೆ. ಇವಳು ಮನೆಗೆ ಬಂದು ಕೈ ಅಳೀತಾ ಕೂತಿದ್ಲು! ನಾನು ಹೋದೆ. ಅಂಗಡಿ ಬಾಗಿಲಲ್ಲಿ ನಿಂತು ಎರಡು ಕೈಯನ್ನೂ ಮುಂದೆ ಚಾಚಿದೆ. "ಬಾರಪ್ಪ, ನನ್ನದೂ ಅಳೆ, ಬೀದಿಯೋರದ್ದೆಲ್ಲ ಅಳೆ, ಉದ್ದ ಯಾರದು ಗಿಡ್ಡ ಯಾರದು ಒಂದು ಸಲ ಇತ್ಯರ್ಥ ಆಗಿಬಿಡಲಿ" ಅಂದೆ. ಸಂಜೆಗೆ ಹೊಸ ತೋಳು ಬಂತು.

ಅಲ್ಲಿಂದ ಸುದ್ದಿ ಹಬ್ಬಿತು. ನಯವಂತರು, ಅಂಜುಬುರುಕರು, "ಹೋಗಲಿ ಬಿಡು" ಅನ್ನೋರು... ಎಷ್ಟು ಜನ ಇದಾರೆ ಮೇಡಂ ಈ ಊರಲ್ಲಿ! ಎಲ್ಲರ ಗಂಟಲಲ್ಲೂ ಒಂದೊಂದು ಜಗಳ ಸಿಕ್ಕಿಹಾಕ್ಕೊಂಡಿದೆ. ನಾನು ಹೋಗಿ ಆಡಿಬರ್ತೀನಿ.

ಇಲ್ಲ ಇಲ್ಲ, ರೌಡಿ ಕೆಲಸ ಅಲ್ಲ. ನಿಯಮ ಇದೆ. ಕೈ ಎತ್ತೋ ಹಾಗಿಲ್ಲ. ಯಾರ ಅಪ್ಪ-ಅಮ್ಮನ ಸುದ್ದಿಗೂ ಹೋಗೋ ಹಾಗಿಲ್ಲ. ಎದುರಿನೋರು "ಆಯ್ತು" ಅಂದ ತಕ್ಷಣ ಬಾಯಿ ಮುಚ್ಚಬೇಕು.

ತಪ್ಪು ಆಗಿಲ್ಲ ಅಂತಲ್ಲ. ಒಂದು ಸಲ ಒಬ್ಬಾಕೆ ಬಂದು, ಮೇಲಿನ ಮನೆಯೋಳು ಒದ್ದೆ ಬಟ್ಟೆ ಒಣಹಾಕಿ ನಮ್ಮ ತಲೆ ಮೇಲೆ ನೀರು ಸುರಿಸ್ತಾಳೆ, ಜಗಳ ಆಡಿ ಬಾ ಅಂದ್ಲು. ಒಪ್ಪಿಕೊಂಡೆ. ಅದೇ ದಿನ ಇನ್ನೊಬ್ಬಳು ಬಂದು, ಕೆಳಗಿನ ಮನೆಯೋಳ ಒಲೆ ಹೊಗೆಗೆ ನನ್ನ ಬಟ್ಟೆಯೆಲ್ಲ ಕಪ್ಪಾಯ್ತು ಅಂದ್ಲು. ಅದನ್ನೂ ಒಪ್ಪಿಕೊಂಡೆ. ವಿಳಾಸ ಕೇಳೋ ಬುದ್ಧಿ ಬೇಡವೇ? ಹೋಗಿ ನೋಡಿದ್ರೆ ಒಂದೇ ಕಟ್ಟಡ! ಮೇಲೆ ಹೋಗಿ ಕೆಳಗಿನೋಳ ಪರ ಕೂಗಿದೆ, ಕೆಳಗೆ ಬಂದು ಮೇಲಿನೋಳ ಪರ ಕೂಗಿದೆ. ಕೊನೆಗೆ ಮೆಟ್ಟಿಲ ನಡುವೆ ನಿಂತು ನನ್ನ ಜೊತೆ ನಾನೇ ಜಗಳ. ಅವರಿಬ್ಬರೂ ಬಾಗಿಲಿಗೆ ಬಂದು, ನಕ್ಕು, ರಾಜಿ ಆಗಿಬಿಟ್ರು. ನನಗೆ ಎರಡೂ ಕಡೆಯಿಂದ ಬಯ್ಗುಳ.

ಇರಲಿ. ಸ್ಟೂಲಿಗೆ ಬರೋಣ.

ಆವತ್ತು ಹೋಟೆಲಿನ ದೊಡ್ಡೋರು ಲಾಂಡ್ರಿ ನೋಡೋಕೆ ಬಂದ್ರು. ನೀವು ಅವರ ಮುಂದೆ ಓಡಾಡ್ತಾ ಇದ್ರಿ. ಹೆಂಗಸರು ಕೂತ್ಕೊಂಡು ಬೆಡ್‌ಶೀಟ್ ಮಡಿಸ್ತಿರೋದು ನೋಡಿ ಅವರಲ್ಲೊಬ್ಬ, "ಆರಾಮಾಗಿದಾರಲ್ಲ" ಅಂದ. ಅಷ್ಟೇ ಅಂದಿದ್ದು! ಆರಾಮು ಅನ್ನೋ ಮಾತು ನಿಮಗೆ ಬೆಂಕಿ ಥರ ಕಂಡಿತು. ಮಾರನೇ ಬೆಳಿಗ್ಗೆ ಸ್ಟೂಲಿಲ್ಲ. ಕೇಳಿದ್ರೆ, "ನಿಂತು ಕೆಲಸ ಮಾಡೋದು ಆರೋಗ್ಯಕ್ಕೆ ಒಳ್ಳೇದು." ಹೌದಾ? ಹಾಗಾದ್ರೆ ನಿಮ್ಮ ಈ ಚಕ್ರದ ಕುರ್ಚಿ ಯಾವ ಕಾಯಿಲೆಗೆ ಔಷಧಿ?

ಸಿಟ್ಟು ಬಂತಾ? ಬರಲಿ. ನನ್ನ ಕಸುಬಿಗೆ ಅದು ಒಳ್ಳೆ ಶಕುನ.

ಗಿರಾಕಿ ಯಾರು ಅಂತೀರಾ? ಹೇಳಲ್ಲ. ಮಡಿಸೋ ಟೇಬಲ್‌ನೋಳು, ಅಷ್ಟು ಸಾಕು. ಪಾಪದೋಳು. ಬೆಡ್‌ಶೀಟಿನ ನಾಲ್ಕು ಮೂಲೆ ಕೂಡಿಸಿ ಒಂದು ಸಲ ಬೀಸಿದ್ರೆ ಸುಕ್ಕಿಲ್ಲದೆ ಟೇಬಲ್ ಮೇಲೆ ಮಲಗುತ್ತೆ, ಅಂಥ ಕೈ. ಆದ್ರೆ ಸಂಜೆ ಹೊತ್ತಿಗೆ ಕಾಲು ಊದಿ ಚಪ್ಪಲಿಗೆ ಹೋಗಲ್ಲ. ಬರಿಗಾಲಲ್ಲಿ ಬಸ್ ಹತ್ತುತ್ತಾಳೆ, ಚಪ್ಪಲಿ ಚೀಲದಲ್ಲಿ. ಡಾಕ್ಟರು ನರದ ಮೇಲೆ ಬೆರಳಿಟ್ಟು ಹೇಳಿದ್ರು: ಕೂತು ಮಾಡೋ ಹಾಗಿದ್ರೆ ಕೆಲಸ ಮಾಡು, ಇಲ್ಲ ಅಂದ್ರೆ ಬಿಡು. ಬಿಟ್ರೆ ಮನೆ ನಡೆಯಲ್ಲ. ಹೋಗಿ ನಿಮ್ಮ ಹತ್ತಿರ ಒಂದು ಸ್ಟೂಲು ಕೇಳೋಣ ಅಂದ್ರೆ... ಬಾಯಿ ಏಳಲ್ಲ. ಮೂರು ಸಲ ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋಗಿದಾಳೆ. ಅದಕ್ಕೇ ನನ್ನನ್ನ ಕಳಿಸಿದ್ಲು.

ಏನು? ಉಪಕಸುಬು ಮಾಡ್ಕೊಳ್ಳಲಿ ಅಂತೀರಾ? ಬೆಳಗಿನಿಂದ ಸಂಜೆ ತನಕ ದುಡಿದೋಳಿಗೆ ಇನ್ನೊಂದು ಕೆಲಸ ಯಾಕೆ ಬೇಕು, ಅದನ್ನ ಹೇಳಿ ಮೊದಲು! ಒಂದು ಕೆಲಸ ಒಂದು ಹೊಟ್ಟೆ ತುಂಬಿಸದಿದ್ರೆ ತಪ್ಪು ಹೊಟ್ಟೆಯದಾ? ನಮ್ಮ ಜೀವನಕ್ಕೆ ಹೊಂದೋ ಕಸುಬು ನಾವು ಹುಡುಕಬೇಕು, ಸರಿ. ನಮ್ಮ ಕಾಲಿಗೆ ಹೊಂದೋ ಕೆಲಸ ಕೊಡೋದು ಯಾರ ಕಸುಬು? ಒಂದು ಮರದ ತುಂಡು, ಮೂರು ಕಾಲು. ಅದಕ್ಕೂ ಬೀಗ!

ಯಾಕೆ ಬಗ್ತಿದೀರಿ?

ಮಾತಾಡಿ ಮೇಡಂ. ಎದುರು ಮಾತು ಬಂದ್ರೇನೇ ನನಗೆ ಜಗಳ ಸಾಗೋದು. ಬಯ್ಯಿರಿ. ಗಿರಾಕಿ ಯಾರು ಅಂತ ಇನ್ನೊಂದು ಸಲ ಕೇಳಿ, ಹೇಳಲ್ಲ ಅಂತೀನಿ. ಇಷ್ಟೊತ್ತು ಕೇಳ್ತಿದ್ದೋರು ಈಗ ಯಾಕೆ ಕೇಳ್ತಿಲ್ಲ? ಏನದು, ಟೇಬಲ್ ಕೆಳಗೆ ಏನು ನೋಡ್ತಿದೀರಿ?

ಓ.

ಕೂತುಬಿಟ್ಟೆನಾ ನಾನು? ಯಾವಾಗ ಕೂತೆ? ಈ ಕುರ್ಚಿ ಇಲ್ಲೇ ಇತ್ತಾ... ಚಪ್ಪಲಿ ಬೇರೆ ಬಿಟ್ಟಿದೀನಿ. ನೋಡಬೇಡಿ ಮೇಡಂ, ಚೆನ್ನಾಗಿಲ್ಲ ಕಾಲು. ಮಧ್ಯಾಹ್ನಕ್ಕೇ ಹೀಗೆ, ಸಂಜೆಗೆ ಇನ್ನೂ...

ಹೌದು. ಗಿರಾಕಿ ನಾನೇ. ಊರಿನ ಜಗಳವನ್ನೆಲ್ಲ ಆಡಿದೋಳು ನಾನು, ನನ್ನ ಜಗಳಕ್ಕೆ ಮಾತ್ರ ಬಾಯಿ ಏಳಲ್ಲ. ಏನು ಮಾಡಲಿ? ಬೇರೆಯೋಳ ಪರವಾಗಿ ಬಂದಿದೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ಏಪ್ರನ್ ಬಿಚ್ಚಿಟ್ಟೆ. ಮಾತು ಚೆನ್ನಾಗೇ ಓಡ್ತಿತ್ತು, ಈ ಕಾಲು ನೋಡಿ, ಹಾಳಾದ್ದು, ಹೇಳದೆ ಕೇಳದೆ ಕೂತುಬಿಡ್ತು.

ನೀರು ಬೇಡ. ಪಾಪ ಅನ್ನಬೇಡಿ, ಅದೂ ಬೇಡ. ಸೂಪರ್‌ವೈಸರ್‌ನ ಕರೀಬೇಕಾ, ಕರೀರಿ. ಕೆಲಸದಿಂದ ತೆಗೀತೀರಾ, ಆಚೆ ಟೇಬಲ್ ಸುತ್ತ ದಿನವಿಡೀ ನಿಲ್ಲೋ ಅಷ್ಟೂ ಜನರ ಕಾಲು ನೋಡಿ ಆಮೇಲೆ ತೆಗೀರಿ. ನಾನು ಈ ಕುರ್ಚಿ ಬಿಟ್ಟು ಏಳಲ್ಲ.

ನೀವು ಏಳಿ. ಗೋದಾಮಿನ ಬೀಗದ ಕೈ ತಗೊಳ್ಳಿ, ನಡೀರಿ, ತೆಗೀರಿ ಬಾಗಿಲು.