ಮೇ ತಿಂಗಳಿಗೆ ಉದ್ದ ತೋಳು

ಇಲ್ಲ ಲಿಗಾಯಾ, ತೋಳು ಇನ್ನೂ ಉದ್ದ ಬೇಕು. ಮಣಿಕಟ್ಟು ಮುಚ್ಚಬೇಕು. ಕೊರಳೂ ಅಷ್ಟೇ, ಗದ್ದದವರೆಗೆ ಬರಲಿ... ಯಾಕೆ ನಗ್ತೀಯಾ? ಮೇ ತಿಂಗಳ ಸೆಕೆ ನನಗೆ ಗೊತ್ತಿಲ್ವಾ? ಭಾನುವಾರದ ಮೆರವಣಿಗೆಗೆ ನನ್ನ ಮೊಮ್ಮಗಳು ಅರಾಸೆಲಿಯದೇ ಎಲೆನಾ ರಾಣಿ ವೇಷ ಕಣೇ! ಶಿಲುಬೆ ಹುಡುಕಿ ತಂದ ಮಹಾರಾಣಿ! ಮನಿಲಾದಿಂದ ನೆಂಟರೆಲ್ಲ ಬರ್ತಿದ್ದಾರೆ. ಅವಳು ತೋಳು ಬಿಟ್ಟುಕೊಂಡು, ಮೀನು ತರೋಕೆ ಹೊರಟವಳ ಹಾಗೆ ನಡೆಯಬೇಕಾ? ಸಿಸ್ಟರುಗಳ ಶಾಲೆಯಲ್ಲಿ ನಮಗೆ ಮೊಣಕೈ ಕಂಡರೂ ಶಿಕ್ಷೆ ಇತ್ತು.

ಏನು, ಗಿಡ್ಡ ತೋಳು ಸಾಕು ಅಂತ ನಾನೇ ಅಂದಿದ್ದೆನಾ? ಅಂದಿರಬಹುದು. ಹೊಲಿಯೋಳು ನೀನು, ಹೇಳೋಳು ನಾನು. ಈಗ ಉದ್ದ ಅಂತಿದ್ದೀನಿ.

ಅಯ್ಯೋ, ನೆಲಕ್ಕೆ ಯಾಕೆ ಮಂಡಿಯೂರ್ತೀಯಾ! ನಾಲ್ಕು ತಿಂಗಳ ಬಸುರಿ, ಆ ಸ್ಟೂಲ್ ಎಳೆದುಕೊ. ಕಲಮಾನ್ಸಿ ನಿಂಬೆಯ ಶರಬತ್ತು ಇಟ್ಟಿದ್ದೀನಿ, ಕುಡಿ. ಅರಾಸೆಲಿ, ನೆಟ್ಟಗೆ ನಿಂತುಕೊ. ಕೆರೆದುಕೊಳ್ಳಬೇಡ, ಗುಂಡುಸೂಜಿ ಚುಚ್ಚುತ್ತೆ.

ಏನಂದೆ? ಜ್ವರವಾ? ಇವಳಿಗಾ? ಛೇ, ಛೇ! ಊರಲ್ಲಿ ಸೀತಾಳೆ ಸಿಡುಬು ಎದ್ದಿದೆ ಅಂತ ದಿಗಿಲು ನಿನಗೆ. ಬಸುರಿಗೆ ಬಂದರೆ ಮಗುವಿಗೆ ಕುತ್ತು ಅಂದ್ರಾ ಡಾಕ್ಟರು? ಅವರು ಹೇಳ್ತಾನೇ ಇರ್ತಾರೆ. ಎದ್ದಿದೆ ನಿಜ. ಪ್ರತಿ ಬೇಸಿಗೆಗೂ ಏಳುತ್ತೆ. ಬೇಸಿಗೆಗೆ ಸೀತಾಳೆ, ಮಳೆಗೆ ಡೆಂಗಿ, ಕ್ರಿಸ್‌ಮಸ್ ಗಾಳಿಗೆ ನೆಗಡಿ. ದೇವರು ಮಾವಿಗೊಂದು ಕಾಲ ಇಟ್ಟ ಹಾಗೆ ಇವಕ್ಕೂ ಇಟ್ಟಿದ್ದಾನೆ. ಬಿಸಿಲು ಕಾಯುತ್ತೆ, ಮೈಯೊಳಗಿನ ಕಾವು ಗುಳ್ಳೆಯಾಗಿ ಹೊರಗೆ ಬರುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟುತ್ತೆ ಅನ್ನೋದೆಲ್ಲ...

ಆಂ? ಬಿಸಿಲು ಎಲ್ಲರ ಮೇಲೂ ಬಿತ್ತಲ್ಲ, ಎಲ್ಲರಿಗೂ ಯಾಕೆ ಬರಲಿಲ್ಲ ಅಂತೀಯಾ? ನೋಡು, ನೋಡು, ಸೂಜಿಗಿಂತ ನಾಲಿಗೆ ಚೂಪು! ಬೇಸಿಗೆಯಲ್ಲೇ ಹಬ್ಬ, ಬೇಸಿಗೆಯಲ್ಲೇ ಮೆರವಣಿಗೆ, ಜನರೇ ಹೊತ್ತುಕೊಂಡು ತಿರುಗ್ತಾರೆ ಅಂತೀಯಾ... ಇರಬಹುದಮ್ಮ, ಕಾಲದ್ದೂ ಪಾಲಿದೆ, ಜನರದ್ದೂ ಪಾಲಿದೆ. ಹಾಗಂತ ಹಬ್ಬ ನಿಲ್ಲಿಸೋಕಾಗುತ್ತಾ? ಈ ಕಿರೀಟಕ್ಕೆ ಹುಡುಗಿ ಎಷ್ಟು ವರ್ಷ ಕಾದಿದ್ದಾಳೆ!

ಸೀಬೆ ಎಲೆಯ ವಾಸನೆಯಾ? ಹೌದು, ಎಲೆ ಕುದಿಸಿ ಸ್ನಾನ ಮಾಡಿಸಿದೆ. ಬೆವರುಸಾಲೆಗೆ! ಸೀತಾಳೆಗೂ ಮಾಡಿಸ್ತಾರೆ, ನಿಜ. ನಾನು ಮಾಡಿಸಿದ್ದು ಬೆವರುಸಾಲೆಗೆ. ಈ ವಯಸ್ಸಿನಲ್ಲಿ ನಿನ್ನ ಹತ್ತಿರ ಸುಳ್ಳು ಹೇಳ್ತೀನಾ?

ಏಯ್, ಒಳಗಿನ ಅಂಗಿಯ ತೋಳು ಮೇಲೆ ಮಾಡಬೇಡ! ಹೊರಗಿನಿಂದಲೇ ಅಳತೆ ತಗೊ. ಪೌಡರು ಅಳಿಸಿಹೋಗುತ್ತೆ... ಬೇಡ ಅಂದೆನಲ್ಲ, ಲಿಗಾಯಾ! ಬಿಡು!

...

ನೋಡಿದ್ಯಾ. ಬೆವರುಸಾಲೆ.

ನೀರು ತುಂಬಿದ ಹಾಗೆ ಕಾಣುತ್ತೆ ಅಷ್ಟೇ. ಸೆಕೆಗೆ ಕೆಲವರಿಗೆ ಹಾಗೇ... ಯಾಕೆ ಎದ್ದು ಹಿಂದೆ ಸರಿದೆ? ಬೈಯಿ ಬೇಕಾದರೆ.

ಜ್ವರ ಬಂದಿತ್ತು. ಎರಡೇ ದಿನ, ಬಿಟ್ಟುಹೋಯ್ತು. ಗುಳ್ಳೆ ನಿನ್ನೆ ಎದ್ದಿದ್ದು. ಮುಖದ ಮೇಲೆ ಒಂದೂ ಇಲ್ಲ ನೋಡು. ಭಾನುವಾರ ಕಳೆಯೋವರೆಗೆ ಮುಚ್ಚಿಟ್ಟರೆ ಸಾಕು ಅಂದ್ಕೊಂಡೆ. ನಿನ್ನನ್ನು ಬಿಟ್ಟರೆ ಈ ಊರಲ್ಲಿ ಇಂಥ ತೋಳು ಹೊಲಿಯೋರು ಯಾರಿದ್ದಾರೆ ಹೇಳು?

ನಿನಗೇನೂ ಆಗಲ್ಲ. ಇಲ್ಲಿ ಹುಟ್ಟಿದವರಿಗೆಲ್ಲ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತೆ. ಒಮ್ಮೆ ಬಂದರೆ ಮತ್ತೆ ಬರಲ್ಲ. ನಿನ್ನ ತಂಗಿಗೆ ಬಂದಿದ್ದು ನನಗೇ ನೆನಪಿದೆ, ಗುಳ್ಳೆ ಬೇಗ ಹೊರಗೆ ಬರಲಿ ಅಂತ ಕಪ್ಪು ಅಂಗಿ ತೊಡಿಸಿ ಒಳಗೆ ಮಲಗಿಸಿದ್ರು. ನಿನ್ನನ್ನ... ನಿನ್ನನ್ನ ಆಗ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟಿದ್ರು, ಅಲ್ವಾ...

ಆದರೆ ಆಮೇಲೆ ಬಂದಿತ್ತು. ಬಂದೇ ಇರುತ್ತೆ.

ಲಿಗಾಯಾ... ಹೊಟ್ಟೆಯಿಂದ ಕೈ ತೆಗೆದು ನನ್ನ ಕಡೆ ನೋಡು.

ಬಂದಿತ್ತು ಅಲ್ವಾ, ಮಗಳೇ?