ಏಪೆಕ್ಸ್‌ನಾಗ ನಾನು ಫಕೀರ ಆಗಿದ್ದು

…ಕಷ್ಟ ಅಂದ್ರ ಏನು ತಿಳ್ಕೊಂಡೀರಿ, ವೈಫೈ ಸ್ಲೋ ಆಗೋದಾ? ಕುಂದ್ರು ಇಲ್ಲಿ, ಆ ಐಪ್ಯಾಡ್ ಕೆಳಗಿಡು. ನಿಮಗಿಂತ ಹತ್ತು ವರ್ಷ ಹಿರಿಯ ನಾನು, ಮೀಸಿ ಬಂದೈತಿ, ಹಿಂಗಾಗಿ ಈ ಡೆಕ್ ಮ್ಯಾಲೆ ಕೂತು ಹಳೇ ಕಥಿ ಕೊರೆಯೋ ಹಕ್ಕು ನಂದು. ಕೊರೊನಾ ವರ್ಷ ನೀವಿಬ್ರೂ ಡೈಪರ್‌ನಾಗ ಇದ್ರಿ. ನನ್ನ ಸ್ಕೂಲು ಲ್ಯಾಪ್‌ಟಾಪ್‌ನಾಗ ನಡೀತಿತ್ತು. ನಡೀತಿತ್ತು ಅಂದ್ರ, ನಾನು ತಲಿ ಅಲ್ಲಾಡಿಸೋ ನಂದೇ ಒಂದು ವಿಡಿಯೋ ಹಚ್ಚಿಟ್ಟು ಹಿಂದ ಮಲಗ್ತಿದ್ದೆ. ಟೀಚರ್ 'ಗುಡ್ ಲಿಸನರ್' ಅಂತ ಸರ್ಟಿಫಿಕೇಟ್ ಕಳಿಸಿದ್ರು. ನನ್ನ ವಿದ್ಯಾಭ್ಯಾಸ ಅಷ್ಟಕ್ಕ ಮುಗೀತು ಅನ್ರಿ.

ಅದಿರ್ಲಿ. ಅಮೆರಿಕಾದ ಈ ಏಪೆಕ್ಸ್‌ಗೆ ನಮ್ಮನ್ನ ನೋಡಾಕಂತ ಊರಿಂದ ಬಂದ ಅಜ್ಜಿ ವಿಮಾನ ನಿಂತು ಇಲ್ಲೇ ಸಿಕ್ಕೊಂಡ್ಲು, ಅಷ್ಟರಾಗ ಮೊಹರಂ ಬಂತು. ನಮ್ಮೂರು ತುಂಗಭದ್ರಾ ದಂಡಿ ಮ್ಯಾಲೆ ಐತಲ್ಲ, ವಿಜಯನಗರದೋರು ಬಂದ್ರು, ಸುಲ್ತಾನರು ಬಂದ್ರು, ಕಂಪನಿಯೋರು ಬಂದ್ರು, ಎಲ್ಲಾರೂ ಒಂದೊಂದು ಕಲ್ಲು ಬಿಟ್ಟು ಹೋದ್ರು. ಗುಡಿ ಕಂಬ ಮಸೂತ್ಯಾಗ, ಮಸೂತಿ ಗಚ್ಚು ಗುಡ್ಯಾಗ, ಯಾವುದು ಯಾರದ್ದು ಅಂತ ಹೊಳಿಗೂ ಗೊತ್ತಿಲ್ಲ. ಮೊಹರಂನಾಗ ಕೂಡ್ರಿಸೋ ಅಲಾಯಿ ದೇವ್ರು ಅಂದ್ರ ಇಡೀ ಊರಿನ ದೇವ್ರು ಅಲ್ಲಿ. ಎಬ್ಬಿಸೋರು ಮುಲ್ಲಾ, ಹಿಡಿಯೋ ಛತ್ರಿ ಈಶ್ವರ ಗುಡೀದು, ಕಡೀಗೆ ಹೊಳಿಗೆ ಇಳಿಸೋ ಹರಿಗೋಲು ಅಂಬಿಗರದು. ನಾನು ಕೂಸಿದ್ದಾಗ ಜ್ವರ ಬಂದು ಕಣ್ಣು ತೇಲಿಸಿದ್ದೆನಂತ. ಈಗೂ ಕ್ಲಾಸಿನ್ಯಾಗ ತೇಲಿಸ್ತೀನಿ, ಆ ಮಾತು ಬ್ಯಾರೆ. ಆಗ ಅಜ್ಜಿ ಹರಕಿ ಹೊತ್ಲು, ಹುಡುಗ ಉಳಿದ್ರ ವರ್ಷಾ ಫಕೀರ ಮಾಡ್ತೀನಿ ಅಂತ. ಅಂದ್ರ ಕೊರಳಿಗೆ ಕೆಂಪು ಲಾಡಿ ದಾರ, ಹೆಗಲಿಗೆ ಜೋಳಿಗಿ, ಐದು ಮನಿ ಬೇಡಿ ತಂದ ಹಿಟ್ಟು ಬೆಲ್ಲಾ ಕಲಸಿ ಚೊಂಗೆ ಮಾಡೋದು. ಸಿಹಿ ರೊಟ್ಟಿ, ತಿಂದಿಲ್ಲೇನು ನೀವು? ಅದು ಆಗೋತನಕ ಹರಕಿ ಹೊತ್ತಾಕಿ ಏನೂ ತಿನ್ನಂಗಿಲ್ಲ. ನಮ್ಮಜ್ಜಿಗೆ ಶುಗರ್ ಬ್ಯಾರೆ.

ಏನಂದಿ, "ಲೈಕ್ ಹಾಲೋವೀನ್?" ಹೂಂ, ವೇಷ ಹಾಕಿ ಮನಿ ಮನಿ ಮಿಠಾಯಿ ಬೇಡೋ ಹಾಲೋವೀನೇ, ಆದ್ರ ಅಜ್ಜಿ ಜೀವ ಕೈಯಾಗ ಹಿಡ್ಕೊಂಡು.

ನಮ್ಮವ್ವ ಅಂದ್ಲು, "ಅತ್ತಿ, ಈ ರೋಗದಾಗ ಯಾರ ಬಾಗಲಾ ಬಡಿಯೋದ್ರೀ? ಕಾಪ್ಸ್ ಬರ್ತಾರ." ಅಜ್ಜಿ ಅಂದ್ಲು, "ಬರ್ಲಿ ಬಿಡು. ನಮ್ಮೂರಾಗ ಪೊಲೀಸ್ರೂ ಒಂದು ಹಿಡಿ ಹಿಟ್ಟು ಹಾಕ್ತಾರ."

ಹೋದೆ. ಮುಖಕ್ಕ ಮಾಸ್ಕು, ಕೊರಳಾಗ ಲಾಡಿ, ಕಾಲಾಗ ಕ್ರಾಕ್ಸು. ಇಂಥಾ ಫಕೀರನ್ನ ಅಲಾಯಿ ದೇವ್ರೂ ನೋಡಿರ್ಲಿಲ್ಲ. ನಾಲ್ಕು ಮನಿ ಹೆಂಗೋ ಆತು. ಪಕ್ಕದ ಬಿಳಿ ಅಜ್ಜಿ "ಹಾಲೋವೀನ್ ಅಕ್ಟೋಬರ್‌ನಲ್ಲಿ, ಹನಿ" ಅಂತ ಇಂಗ್ಲಿಷ್‌ನಾಗ ತಿದ್ದಿ, ಜೋಳದ ಹಿಟ್ಟಿನ ಪಾಕೀಟು ಮೆಟ್ಟಲ ಮ್ಯಾಲಿಟ್ಟು ಆರಡಿ ಹಿಂದ ಸರಿದ್ಲು. ಗುಜರಾತಿ ಆಂಟಿ ಬೆಲ್ಲಾ ಕೊಟ್ರು, ಸೋಪು ಹಚ್ಚಿ ತೊಳದು. ಆ ವರ್ಷ ಎಲ್ಲಾರೂ ಎಲ್ಲಾ ತೊಳೀತಿದ್ರಲ್ಲ, ಬಾಳೆಹಣ್ಣನ್ನೂ ಬಿಡ್ಲಿಲ್ಲ.

ಐದನೇದು ನಮ್ಮ ಕನ್ನಡದ ಅಂಕಲ್ ಮನಿ. ಬೆಂಗಳೂರಿನೋರು. ಅವತ್ತು ಝೂಮ್‌ನಾಗ 'ನದಿ ತೀರದ ನಮ್ಮ ಪರಂಪರೆ' ಅಂತ ಭಾಷಣ ಇಟ್ಕೊಂಡಿದ್ರು. ಇನ್ನೇನು, ನದಿ ತೀರದ ಪರಂಪರೆನೇ ಜೋಳಿಗಿ ಹಿಡಿದು ಬಂದೈತಿ, ಕುಣಿದಾಡ್ತಾರ ಅನ್ಕೊಂಡೆ. ಬಾಗಿಲಾ ತೆರೀಲಿಲ್ಲ, ಕ್ಯಾಮೆರಾ ಇರೋ ಡೋರ್‌ಬೆಲ್ ಒಳಗಿಂದ ಧ್ವನಿ ಬಂತು, "ಏನಪ್ಪಾ ಇದು ವೇಷ? ನೀವು ನಮ್ಮೋರೇ ತಾನೇ? ಇದೆಲ್ಲಾ ನಮ್ಮ ಕಲ್ಚರ್ ಅಲ್ಲ ಕಣೋ."

"ಅಂಕಲ್, ಒಂದು ಹಿಡಿ ಹಿಟ್ಟು…"

"ಪ್ರಶ್ನೆ ಹಿಟ್ಟಿಂದಲ್ಲಪ್ಪ, ಹೆರಿಟೇಜ್‌ದು!" ಅಂತ ಶುರು ಮಾಡಿದ್ರು ನೋಡ್ರಿ, ಡೋರ್‌ಬೆಲ್‌ನಿಂದ ಇತಿಹಾಸದ ಪಾಠ ಕೇಳಿದ ಗುಡ್ ಲಿಸನರ್ ಈ ರಸ್ತ್ಯಾಗ ನಾನೊಬ್ಬನೇ. ಉಳಿದ ಮನಿಯೋರು ಮಾಸ್ಕ್ ಹಾಕಿದ ಹುಡುಗನ್ನ ಕಂಡು ಪರದೆ ಎಳ್ಕೊಂಡ್ರು. ನಮ್ಮ ಪೋರ್ಚಿನ್ಯಾಗ ಅಜ್ಜಿ ಶುಗರ್ ಇಳಿದು ಬೆವರಾಕತ್ತಿದ್ಲು. ಅವ್ವ ಜ್ಯೂಸ್ ಹಿಡಿದ್ರ ಮುಖಾ ತಿರುವ್ತಾಳ. "ಐದನೇ ಮನಿ ಆಗ್ಲಿ" ಅಂತಾಳ. ಎಲ್ಲಿಂದ ತರ್ಲಿ ಐದನೇ ಮನಿ? ನನಗ ಚೇಷ್ಟಿ ಬರ್ತೈತಿ, ಪವಾಡ ಬರಂಗಿಲ್ಲ.

ಅಷ್ಟರಾಗ ಅದೇ ಅಂಕಲ್ ಮನಿ ಹಿತ್ತಲ ಫೆನ್ಸ್ ಕಡಿಂದ "ಶ್… ಶ್…" ಅಂತ. ಅವ್ರ ಹೆಂಡ್ತಿ, ನಮ್ಮ ಆಂಟಿ, ಕೈಯಾಗ ಸ್ಟೀಲ್ ಡಬ್ಬಿ. "ಮೆತ್ತಗೆ ಮಾತಾಡೋ, ಅವ್ರು ಝೂಮ್‌ನಲ್ಲಿದ್ದಾರೆ, ಮ್ಯೂಟ್ ಮಾಡ್ಕೊಳ್ಳೋಕೆ ಬರಲ್ಲ." ಹಿಟ್ಟು ಸುರುವಿದ್ರು, ಗೋಧಿ ಹಿಟ್ಟು, ಡಬ್ಬಿ ತುಂಬ. ಆಮೇಲೆ ಒಮ್ಮೆಲೆ ಭಾಷೆನೇ ಬದ್ಲಾತು. "ನಮ್ಮ ತವರಮನಿ ಭೀಮಾ ದಂಡಿ ಮ್ಯಾಲೈತೋ ತಮ್ಮಾ. ನಮ್ಮಣ್ಣನೂ ಫಕೀರ ಆಗ್ತಿದ್ದ. ನನಗೊಂದೆಳಿ ಲಾಡಿ ಕೊಡ್ತೀ?"

ಕೊಟ್ಟೆ. ಮುಂಗೈಗೆ ಕಟ್ಕೊಂಡು ಕಣ್ಣಿಗೆ ಒತ್ಕೊಂಡ್ರು, ಅದು ಕಾಣದಂಗ ಅಂಗಿ ತೋಳು ಕೆಳಗೆಳೆದ್ರು, ಮತ್ತ ಬೆಂಗಳೂರಿನೋರಾಗಿ ಒಳಗ ಹೋದ್ರು.

ಅಜ್ಜಿ ಉಂಡ್ಲು. "ಸೋಪಿನ ವಾಸನಿ" ಅಂತ ಬೈಕೋತ ಎರಡು ಚೊಂಗೆ ಮುಗಿಸಿದ್ಲು, ಬೆವರು ಆರ್ತು. ಅಂಕಲ್‌ಗೂ ಒಂದು ಕಳಿಸಿದ್ಲು, ಅದಕ್ಕ ಅವ್ರು ಫೋನ್ ಮಾಡಿ, "ಆಹಾ, ಇದು ನೋಡಿ ನಮ್ಮ ಅಪ್ಪಟ ಸಂಸ್ಕೃತಿ!" ಅಂದ್ರು. ನಾನು ಬರೇ ತಲಿ ಅಲ್ಲಾಡಿಸಿದೆ.

ಅದಕ್ಕ ಹೇಳೋದು, ಬಾಗಲಿಗೆ ಯಾರರ ಬೇಡಾಕ ಬಂದ್ರ ಮೊದಲು ಹಿಟ್ಟು ಹಾಕ್ರಿ. ಇತಿಹಾಸ ಏನ್ ಓಡಿ ಹೋಗಂಗಿಲ್ಲ, ಉಂಡ ಮ್ಯಾಲೆ ಹೇಳಬಹುದು. ಏಳ್ರಿ ಇನ್ನ.